ಹಲ್ಲಿನ ಹುಳುಕು: ಅರಿವು, ತಡೆ, ಚಿಕಿತ್ಸೆ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಏರ್ಪಡಿಸಿದ್ದ ಆರೋಗ್ಯ ಅರಿವು ಕಾರ್ಯಾಗಾರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಉಪನ್ಯಾಸದ ಪಠ್ಯ)



ನಾನು ವೈದ್ಯನಲ್ಲ. ಸಿವಿಲ್ ಎಂಜಿನಿಯರಿಂಗ್ ಪದವಿ ಪಡೆದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಾಗಿ ಸೇವೆ ಸಲ್ಲಿಸುತ್ತಿರುವವನು. ಅಂಥವನು ಹಲ್ಲಿನ ವಿಷಯ ಮಾತನಾಡಲು ಏಕೆ ನಿಂತಿದ್ದಾನೆ ಎಂಬ ಪ್ರಶ್ನೆ ತಮ್ಮಲ್ಲಿ ಮೂಡುವುದು ಸಹಜ. ಆದುದರಿಂದ ಕಾರಣವನ್ನು ಮೊದಲೇ ನಿವೇದಿಸಿಕೊಳ್ಳುತ್ತೇನೆ.

ಎರಡು ವರ್ಷಗಳ ಹಿಂದೆ, ಆಗ ಎಂಟು ವರ್ಷದವಳಾಗಿದ್ದ ನನ್ನ ಮಗಳು ಒಂದು ರಾತ್ರಿ ಕೆನ್ನೆ ಹಿಡಿದುಕೊಂಡು ಎದ್ದು ಕುಳಿತಳು. ಕೆಳದವಡೆಯ ಹಿಂಬದಿಯ ಹಲ್ಲಿನಲ್ಲಿ ಕಪ್ಪು ಚುಕ್ಕೆಯೊಂದಿರುವುದನ್ನು ನಾನು ಅದಕ್ಕೂ ಒಂದು ವರ್ಷ ಮೊದಲೇ ಕಂಡಿದ್ದೆ. "ಹಾಲುಹಲ್ಲು, ತಾನಾಗಿಯೇ ಬಿದ್ದುಹೋಗುತ್ತದೆ" ಎಂದು ಸುಮ್ಮನಾಗಿದ್ದೆ. ಮರುದಿನ ದಂತ ವೈದ್ಯರು ಪರೀಕ್ಷಿಸಿ ಹೇಳಿದ ಮಾತು ಹೀಗಿತ್ತು: ಅದು ಹಾಲುಹಲ್ಲಲ್ಲ, ಆರನೆಯ ವಯಸ್ಸಿನಲ್ಲಿ ಹುಟ್ಟಿದ ಶಾಶ್ವತ ದವಡೆಹಲ್ಲು, ಉಳಿಸಿಕೊಳ್ಳುವಷ್ಟು ಭಾಗ ಈಗ ಉಳಿದಿಲ್ಲ. ಅದನ್ನು ಕೀಳಲೇಬೇಕಾಯಿತು. ಚರಂಡಿಯ ಕಾಂಕ್ರೀಟಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಗುತ್ತಿಗೆದಾರರಿಗೆ ನೋಟಿಸು ಬರೆಯುವ ನಾನು, ನನ್ನ ಮನೆಯ ಮಗುವಿನ ಬಾಯಿಯಲ್ಲಿದ್ದ ಬಿರುಕನ್ನು ಒಂದು ವರ್ಷ ನೋಡುತ್ತ ಕುಳಿತಿದ್ದೆ. ಓದಿದವನ ಮನೆಯಲ್ಲೇ ಹೀಗಾದರೆ, ಕೂಲಿಗೆ ಹೋಗುವ ತಾಯಿತಂದೆಯರ ಮಕ್ಕಳ ಪಾಡೇನು ಎಂಬ ಚಿಂತೆಯೇ ಈ ಉಪನ್ಯಾಸಕ್ಕೆ ಮೂಲ.

ಇದು ಒಂದು ಮನೆಯ ಅಥವಾ ಒಂದು ಊರಿನ ಸಮಸ್ಯೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 200 ಕೋಟಿ ಜನರ ಶಾಶ್ವತ ಹಲ್ಲುಗಳಲ್ಲಿಯೂ 51 ಕೋಟಿಗೂ ಹೆಚ್ಚು ಮಕ್ಕಳ ಹಾಲುಹಲ್ಲುಗಳಲ್ಲಿಯೂ ಹುಳುಕಿದೆ. ಇಷ್ಟು ವ್ಯಾಪಕವಾದ ಈ ರೋಗವು ಬಹುಮಟ್ಟಿಗೆ ತಡೆಯಬಹುದಾದದ್ದು ಎಂಬುದೇ ನಾವು ಗಮನಿಸಬೇಕಾದ ಸಂಗತಿ.

ಹುಳುಕು ಎಂದರೇನು?

ನಮ್ಮ ಭಾಷೆಯಲ್ಲಿ 'ಹುಳುಕು' ಎಂಬ ಪದವೇ ಹುಳುವನ್ನು ನೆನಪಿಸುತ್ತದೆ. ಹಲ್ಲಿನೊಳಗೆ ಹುಳು ಹೊಕ್ಕು ಕೊರೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಮಾತ್ರವಲ್ಲ, ಪ್ರಾಚೀನ ಬ್ಯಾಬಿಲೋನಿಯಾದಲ್ಲಿಯೂ ಇತ್ತು. ಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ, ಹೊಗೆಯನ್ನು ಬಾಯಿಗೆ ಹಿಡಿದು ಹುಳು ಬೀಳಿಸುವ ಪದ್ಧತಿಯನ್ನು ತಮ್ಮಲ್ಲಿ ಹಿರಿಯರಾದವರು ಕಂಡಿರಬಹುದು. ಹಾಗೆ ಬಿದ್ದಂತೆ ಕಾಣುವುದು ಬಿಸಿಗೆ ಸಿಡಿದ ಬೀಜದೊಳಗಿನ ಬಿಳಿಯ ಮೊಳಕೆಯೇ ಹೊರತು ಹುಳುವಲ್ಲ. ಹಲ್ಲಿನಲ್ಲಿ ಹುಳುವಿಲ್ಲ, ಅಲ್ಲಿ ನಡೆಯುವುದು ರಾಸಾಯನಿಕ ಕ್ರಿಯೆ.

ಹಲ್ಲಿನ ಹೊರಗವಚವಾದ ಎನಾಮಲ್ ನಮ್ಮ ದೇಹದ ಅತ್ಯಂತ ಗಟ್ಟಿಯಾದ ವಸ್ತು. ತೂಕದಲ್ಲಿ ಅದರ ಸುಮಾರು ಶೇ. 96 ಭಾಗ ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನಿಂದಾದ ಖನಿಜ. ಅದರ ಒಳಗೆ ಇನ್ನಷ್ಟು ಮೃದುವಾದ ಡೆಂಟಿನ್ ಪದರವಿದೆ. ಅದರ ನಡುವೆ ನರ ಮತ್ತು ರಕ್ತನಾಳಗಳಿರುವ ತಿರುಳಿದೆ. ಹಲ್ಲಿನ ಮೇಲೆ ಸದಾ ಕಟ್ಟಿಕೊಳ್ಳುವ ಅಂಟು ಪದರದಲ್ಲಿ ಅಸಂಖ್ಯ ಬ್ಯಾಕ್ಟೀರಿಯಾಗಳು ನೆಲೆಸಿರುತ್ತವೆ. ನಾವು ತಿಂದ ಸಕ್ಕರೆ ಅವುಗಳಿಗೂ ಆಹಾರ. ಸಕ್ಕರೆಯನ್ನು ತಿಂದು ಅವು ಆಮ್ಲವನ್ನು ಹೊರಬಿಡುತ್ತವೆ. ಆ ಆಮ್ಲವು ಹಲ್ಲಿನ ಖನಿಜವನ್ನು ಕರಗಿಸುತ್ತದೆ. ಅಮೆರಿಕದ ದಂತ ವಿಜ್ಞಾನಿ ವಿಲ್ಲೋಬಿ ಮಿಲ್ಲರ್ 1890ರಲ್ಲಿ ಈ ವಿವರಣೆಯನ್ನು ಮಂಡಿಸಿದರು. ಅದರ ತಿರುಳು ಇಂದಿಗೂ ನಿಂತಿದೆ.

ಬಾಯಿಯ ಪಿಎಚ್ ಮಟ್ಟ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮಲ್ ಕರಗತೊಡಗುತ್ತದೆ. ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಅಂಟು ಪದರದೊಳಗೆ ಈ ಇಳಿಕೆ ಉಂಟಾಗುತ್ತದೆ. ಬಳಿಕ ಜೊಲ್ಲುರಸವು ಆಮ್ಲವನ್ನು ತೊಳೆದು, ಕರಗಿದ ಖನಿಜವನ್ನು ಮರಳಿ ತುಂಬಲು ಆರಂಭಿಸುತ್ತದೆ. ಮೊದಲಿನ ಸ್ಥಿತಿಗೆ ಬರಲು ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಹೀಗೆ ಪ್ರತಿದಿನವೂ ಹಲ್ಲಿನಲ್ಲಿ ಸವಕಳಿ ಮತ್ತು ದುರಸ್ತಿ ಎರಡೂ ನಡೆಯುತ್ತಿರುತ್ತವೆ. ಸವಕಳಿಯು ದುರಸ್ತಿಯನ್ನು ಮೀರಿದ ದಿನಗಳು ತಿಂಗಳುಗಟ್ಟಲೆ ಮುಂದುವರಿದಾಗ ಹುಳುಕು ಹುಟ್ಟುತ್ತದೆ.

ಎಷ್ಟು ತಿಂದೆವು ಎಂಬುದಕ್ಕಿಂತ ಎಷ್ಟು ಸಲ ತಿಂದೆವು ಎಂಬುದು ಮುಖ್ಯ

ಮೇಲಿನ ಲೆಕ್ಕದಿಂದ ಒಂದು ಪಾಠ ಹೊರಡುತ್ತದೆ. ಹಬ್ಬದ ದಿನ ಊಟದೊಡನೆ ಎರಡು ಹೋಳಿಗೆ ತಿಂದವನ ಹಲ್ಲಿಗೆ ಆಮ್ಲದ ದಾಳಿ ಒಂದೇ ಸಲ. ದಿನಕ್ಕೆ ಆರು ಸಲ ಸಕ್ಕರೆ ಹಾಕಿದ ಚಹಾ ಕುಡಿಯುವವನ ಹಲ್ಲು, ಸಲಕ್ಕೆ ಅರ್ಧ ಗಂಟೆಯಂತೆ ಲೆಕ್ಕ ಹಾಕಿದರೂ, ಮೂರು ಗಂಟೆ ಆಮ್ಲದಲ್ಲಿ ನೆನೆಯುತ್ತದೆ. ಅಂಗಡಿಯ ಒಂದು ರೂಪಾಯಿಯ ಅಂಟುಮಿಠಾಯಿಯನ್ನು ಬಾಯಲ್ಲಿಟ್ಟುಕೊಂಡು ಸಂಜೆಯವರೆಗೆ ಆಡುವ ಮಗುವಿನ ಸ್ಥಿತಿ ಇನ್ನೂ ಕಠಿಣ.

ಸ್ವೀಡನ್ ದೇಶದ ವಿಪೆಹೋಲ್ಮ್ ಎಂಬಲ್ಲಿ 1945ರಿಂದ ಹಲವು ವರ್ಷ ನಡೆದ ಅಧ್ಯಯನವು ಇದನ್ನೇ ತೋರಿಸಿತು: ಊಟದೊಡನೆ ತಿಂದ ಸಕ್ಕರೆಗಿಂತ, ಊಟದ ನಡುನಡುವೆ ತಿಂದ, ಹಲ್ಲಿಗೆ ಅಂಟಿಕೊಳ್ಳುವ ಸಿಹಿಯೇ ಹೆಚ್ಚು ಹುಳುಕಿಗೆ ಕಾರಣ. ಮಾನಸಿಕ ಅಸಾಮರ್ಥ್ಯವುಳ್ಳ ಆಶ್ರಮವಾಸಿಗಳಿಗೆ ಅವರ ಒಪ್ಪಿಗೆಯಿಲ್ಲದೆ ಮಿಠಾಯಿ ತಿನ್ನಿಸಿ ನಡೆಸಿದ ಆ ಪ್ರಯೋಗವು ಇಂದು ಅನೈತಿಕವೆಂದು ಖಂಡನೆಗೆ ಗುರಿಯಾಗಿದೆ. ಆ ಜನ ತಮ್ಮ ಹಲ್ಲುಗಳನ್ನು ತೆತ್ತು ಕಲಿಸಿದ ಪಾಠವನ್ನಾದರೂ ನಾವು ವ್ಯರ್ಥಗೊಳಿಸಬಾರದು.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ಹೇಳಬೇಕು. ಮೊದಲನೆಯದು, ಬೆಲ್ಲದಿಂದ ಹಲ್ಲಿಗೆ ಹಾನಿಯಿಲ್ಲ ಎಂಬುದು. ಬೆಲ್ಲದ ಬಹುಭಾಗವೂ ಸಕ್ಕರೆಯೇ. ಬ್ಯಾಕ್ಟೀರಿಯಾಗಳಿಗೆ ಕಂದು ಬಿಳುಪಿನ ಭೇದವಿಲ್ಲ. ಎರಡನೆಯದು, ಬಿಸ್ಕತ್ತು ಸಿಹಿತಿಂಡಿಯಲ್ಲ ಎಂಬುದು. ಚಹಾದಲ್ಲಿ ಅದ್ದಿದ ಬಿಸ್ಕತ್ತು ದವಡೆಹಲ್ಲಿನ ಗೆರೆಗಳಲ್ಲಿ ಹಿಟ್ಟಿನಂತೆ ಮೆತ್ತಿಕೊಂಡು ಬಹಳ ಹೊತ್ತು ಉಳಿಯುತ್ತದೆ. ಹಸಿದ ಮಗುವಿಗೆ ಕಡಲೆಕಾಯಿ, ಹುರಿಗಡಲೆ, ಸೌತೆಕಾಯಿ, ಸೀಬೆಹಣ್ಣುಗಳೇ ಉತ್ತಮ.

ತೂತು ಬೀಳುವ ಮೊದಲು

ಎಂಜಿನಿಯರ್ ಆದ ನನಗೆ ಹುಳುಕಿನ ನಡೆಯು ಕಾಂಕ್ರೀಟಿನೊಳಗೆ ಕಂಬಿಗೆ ತುಕ್ಕು ಹಿಡಿಯುವುದನ್ನು ನೆನಪಿಸುತ್ತದೆ. ಹೊರಗೆ ಕಾಣುವುದು ಸಣ್ಣ ಕಲೆ. ಒಳಗೆ ಹರಡಿರುವುದು ಅದರ ಹಲವು ಪಟ್ಟು. ಎನಾಮಲಿನಲ್ಲಿ ಸೂಜಿಮೊನೆಯಷ್ಟು ತೂತು ಕಾಣುವ ಹೊತ್ತಿಗೆ ಒಳಗಿನ ಡೆಂಟಿನ್ ಪದರ ಅಗಲವಾಗಿ ಟೊಳ್ಳಾಗಿರಬಹುದು. ನೋವು ಕಾಣಿಸಿಕೊಳ್ಳುವುದಂತೂ ಬಹುತೇಕ ತಡವಾಗಿ.

ಆದರೆ ತೂತು ಬೀಳುವ ಮೊದಲು ಒಂದು ಹಂತವಿದೆ. ಒಸಡಿನ ಅಂಚಿನಲ್ಲಿ ಅಥವಾ ದವಡೆಹಲ್ಲಿನ ಗೆರೆಗಳ ಬದಿಯಲ್ಲಿ ಹೊಳಪು ಕಳೆದುಕೊಂಡ, ಸುಣ್ಣದಂತಹ ಬಿಳಿ ಮಚ್ಚೆ ಕಾಣಿಸುತ್ತದೆ. ಇದೇ ಹುಳುಕಿನ ಆರಂಭ. ಈ ಹಂತದಲ್ಲಿ ಸಿಹಿಯ ಸಂಖ್ಯೆಯನ್ನು ಇಳಿಸಿ, ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆರಡು ಬಾರಿ ಹಲ್ಲುಜ್ಜಿದರೆ, ವೈದ್ಯರಿಂದ ಫ್ಲೋರೈಡ್ ಲೇಪನ ಮಾಡಿಸಿದರೆ, ಹುಳುಕು ಅಲ್ಲಿಗೇ ನಿಲ್ಲಬಹುದು; ಕಳೆದ ಖನಿಜ ಮರಳಿ ತುಂಬಿಕೊಳ್ಳಲೂಬಹುದು. ತೂತು ಬಿದ್ದ ಮೇಲೆ ಹಲ್ಲು ತಾನಾಗಿ ಮುಚ್ಚಿಕೊಳ್ಳುವುದಿಲ್ಲ.

ನನ್ನ ಮಗಳ ವಿಷಯದಲ್ಲಿ ನಾನು ಎಡವಿದ ಜಾಗವನ್ನು ತಾವು ದಯವಿಟ್ಟು ಗುರುತಿಟ್ಟುಕೊಳ್ಳಬೇಕು. ಮಕ್ಕಳಿಗೆ 20 ಹಾಲುಹಲ್ಲುಗಳಿರುತ್ತವೆ. ಸುಮಾರು ಆರನೆಯ ವಯಸ್ಸಿನಲ್ಲಿ, ಯಾವ ಹಲ್ಲೂ ಬೀಳದೆ, ಕೊನೆಯ ಹಾಲುಹಲ್ಲಿನ ಹಿಂದೆ ಮೇಲೆರಡು, ಕೆಳಗೆರಡು ದೊಡ್ಡ ದವಡೆಹಲ್ಲುಗಳು ಸದ್ದಿಲ್ಲದೆ ಹುಟ್ಟುತ್ತವೆ. ಅವು ಶಾಶ್ವತ ಹಲ್ಲುಗಳು, ಜೀವಮಾನವಿಡೀ ಅಗಿಯಬೇಕಾದವು. ಅವುಗಳ ಮೇಲ್ಮೈಯಲ್ಲಿ ಆಳವಾದ ಗೆರೆಗಳಿರುವುದರಿಂದ ಹುಳುಕು ಮೊದಲು ಹಿಡಿಯುವುದೂ ಅಲ್ಲಿಯೇ. ಒಂದನೆಯ ತರಗತಿಗೆ ಸೇರುವ ಪ್ರತಿ ಮಗುವಿನ ಬಾಯಿಯಲ್ಲಿ ಈ ಹಲ್ಲನ್ನು ಹುಡುಕಿ ನೋಡಬೇಕು. ಹಾಲುಹಲ್ಲನ್ನೂ ಅಲಕ್ಷಿಸುವಂತಿಲ್ಲ. ಅದು ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗಾಗಿ ಜಾಗ ಕಾಯ್ದಿರಿಸುತ್ತದೆ. ಅದರ ಸೋಂಕು ಮಗುವಿನ ಊಟ, ನಿದ್ದೆ, ಕಲಿಕೆ ಎಲ್ಲವನ್ನೂ ಕೆಡಿಸುತ್ತದೆ.

ಮನೆಯಲ್ಲಿ ಪಾಲಿಸಬೇಕಾದ ಕ್ರಮ

ರಾತ್ರಿ ಮಲಗುವ ಮುನ್ನ ಒಮ್ಮೆ, ಹಗಲಿನಲ್ಲಿ ಮತ್ತೊಮ್ಮೆ ಹಲ್ಲುಜ್ಜಬೇಕು. ಇವೆರಡರಲ್ಲಿ ರಾತ್ರಿಯದೇ ಹೆಚ್ಚು ಮುಖ್ಯ. ಏಕೆಂದರೆ ನಿದ್ದೆಯಲ್ಲಿ ಜೊಲ್ಲುರಸದ ಸ್ರವಿಕೆ ಇಳಿದು ಹಲ್ಲು ರಕ್ಷಣೆಯಿಲ್ಲದೆ ಉಳಿಯುತ್ತದೆ. ಸಿಹಿಹಾಲಿನ ಬಾಟಲಿಯನ್ನು ಬಾಯಿಗಿಟ್ಟು ಮಗುವನ್ನು ಮಲಗಿಸುವುದು ಇದೇ ಕಾರಣಕ್ಕೆ ಅಪಾಯಕರ.

ಪೇಸ್ಟು ಕೊಳ್ಳುವಾಗ ಫ್ಲೋರೈಡ್ ಇದೆಯೇ ಎಂದು ಓದಿ ನೋಡಬೇಕು. ನಮ್ಮ ದೇಶದ ನಿಯಮದಂತೆ ಪೇಸ್ಟಿನಲ್ಲಿ ಫ್ಲೋರೈಡ್ ಪ್ರಮಾಣ 1000 ಪಿಪಿಎಂ ಮೀರುವಂತಿಲ್ಲ. ಆ ಪ್ರಮಾಣವನ್ನು ಟ್ಯೂಬಿನ ಮೇಲೆ ಮುದ್ರಿಸಬೇಕು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿಕಾಳಿನಷ್ಟು ಪೇಸ್ಟು ಸಾಕು. ಉಜ್ಜಿದ ಮೇಲೆ ಉಗುಳಬೇಕು. ನೀರಿನಿಂದ ಪದೇಪದೇ ಮುಕ್ಕಳಿಸಿದರೆ ಫ್ಲೋರೈಡ್ ತೊಳೆದುಹೋಗುತ್ತದೆ. ಏಳೆಂಟು ವರ್ಷದವರೆಗೆ ಹಿರಿಯರು ಜೊತೆಯಲ್ಲಿ ನಿಂತು ಉಜ್ಜಿಸಬೇಕು.

ಇಟ್ಟಿಗೆಪುಡಿ, ಇದ್ದಿಲು, ಮರಳುಗಳು ಹಲ್ಲನ್ನು ಸವೆಸುತ್ತವೆ. ನಶ್ಯ ಅಥವಾ ಹೊಗೆಸೊಪ್ಪಿನ ಪುಡಿಯಿಂದ ಉಜ್ಜುವುದು ಬಾಯಿಯ ಕ್ಯಾನ್ಸರಿಗೆ ದಾರಿ. ಹಲ್ಲುಪುಡಿ ಮತ್ತು ಪೇಸ್ಟಿನಲ್ಲಿ ತಂಬಾಕು ಬೆರೆಸುವುದನ್ನು ಭಾರತ ಸರ್ಕಾರವು 1992ರಲ್ಲಿಯೇ ನಿಷೇಧಿಸಿದೆ.

ಕಂದು ಹಲ್ಲೆಲ್ಲವೂ ಹುಳುಕಲ್ಲ

ಪಾವಗಡ, ಬಾಗೇಪಲ್ಲಿ, ಮುಂಡರಗಿ ಮೊದಲಾದ ತಾಲ್ಲೂಕುಗಳ ಹಳ್ಳಿಗಳಲ್ಲಿ ಮಕ್ಕಳ ಮುಂದಿನ ಹಲ್ಲುಗಳ ಮೇಲೆ ಬಿಳಿ ಗೆರೆಗಳೋ ಕಂದು ಪಟ್ಟೆಗಳೋ ಕಾಣುತ್ತವೆ. ಅದು ಹುಳುಕಲ್ಲ, ಫ್ಲೋರೋಸಿಸ್. ಆಳದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅತಿಯಾದಾಗ, ಎಂಟು ವರ್ಷದೊಳಗೆ ರೂಪುಗೊಳ್ಳುತ್ತಿರುವ ಹಲ್ಲುಗಳಿಗೆ ಈ ದೋಷ ತಗಲುತ್ತದೆ. ಭಾರತದಲ್ಲಿ ಈ ಪಿಡುಗು ಮೊದಲು ವರದಿಯಾದದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಿಂದ.

ಹಲ್ಲಿನ ಹೊರಮೈಗೆ ಅಲ್ಪ ಪ್ರಮಾಣದಲ್ಲಿ ತಗಲುವ ಫ್ಲೋರೈಡ್ ಔಷಧ. ವರ್ಷಗಟ್ಟಲೆ ಹೊಟ್ಟೆಗೆ ಸೇರುವ ಅತಿಯಾದ ಫ್ಲೋರೈಡ್ ವಿಷ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಅನುಮತಿಯಿದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಮೂಲವನ್ನು ಬದಲಿಸುವುದು ಅಥವಾ ಶುದ್ಧೀಕರಣ ಘಟಕವನ್ನು ಸುಸ್ಥಿತಿಯಲ್ಲಿ ನಡೆಸುವುದೇ ಪರಿಹಾರ. ಅಂತಹ ಊರುಗಳಲ್ಲಿ ಚಿಕ್ಕ ಮಕ್ಕಳ ಪೇಸ್ಟಿನ ವಿಷಯದಲ್ಲಿ ದಂತ ವೈದ್ಯರ ಸಲಹೆ ಪಡೆಯಬೇಕು.

ಚಿಕಿತ್ಸೆಯ ಹಂತಗಳು

ಹುಳುಕು ಬೇಗ ಪತ್ತೆಯಾದಷ್ಟೂ ಚಿಕಿತ್ಸೆ ಸುಲಭ, ಖರ್ಚು ಕಡಿಮೆ. ಹೊಸದಾಗಿ ಹುಟ್ಟಿದ ದವಡೆಹಲ್ಲಿನ ಗೆರೆಗಳನ್ನು ರಾಳದಂತಹ ವಸ್ತುವಿನಿಂದ ಮುಚ್ಚಿ ಹುಳುಕನ್ನು ತಡೆಯಬಹುದು. ಸಣ್ಣ ತೂತಾಗಿದ್ದರೆ ಕೆಟ್ಟ ಭಾಗವನ್ನು ತೆಗೆದು ಸಿಮೆಂಟು ತುಂಬುತ್ತಾರೆ. 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ ರೂಪುಗೊಂಡ ಒಂದು ವಿಧಾನದಲ್ಲಿ ವಿದ್ಯುತ್ತಾಗಲಿ ಕೊರೆಯುವ ಯಂತ್ರವಾಗಲಿ ಬೇಕಿಲ್ಲ; ಕೈ ಉಪಕರಣಗಳಿಂದಲೇ ಶಾಲೆಯ ಕೊಠಡಿಯಲ್ಲಿ ಕುಳ್ಳಿರಿಸಿ ಹಲ್ಲು ತುಂಬಬಹುದು. ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವನ್ನು ಹಚ್ಚಿದರೆ ಹುಳುಕು ಕಪ್ಪಾಗುತ್ತದೆ, ಆದರೆ ಬಹುಪಾಲು ಹಲ್ಲುಗಳಲ್ಲಿ ಅಲ್ಲಿಗೇ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಇದನ್ನು ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿದೆ. ಹುಳುಕು ತಿರುಳನ್ನು ತಲುಪಿದ ಮೇಲೆ ಬೇರುನಾಳದ ಚಿಕಿತ್ಸೆ ಬೇಕು. ಅದೂ ಸಾಧ್ಯವಾಗದಿದ್ದರೆ ಕೀಳುವುದೊಂದೇ ಮಾರ್ಗ.

ಮೂರು ಎಚ್ಚರಿಕೆಗಳನ್ನು ಹೇಳಬಯಸುತ್ತೇನೆ. ಒಂದು, ತೀವ್ರವಾಗಿದ್ದ ನೋವು ತಾನಾಗಿ ನಿಂತರೆ ಹಲ್ಲು ವಾಸಿಯಾಯಿತೆಂದಲ್ಲ. ಒಳಗಿನ ನರ ಸತ್ತಿರಬಹುದು, ಸೋಂಕು ಮುಂದುವರಿದಿರಬಹುದು. ನೋವಿನ ಮಾತ್ರೆಯನ್ನು ಒಸಡಿನ ಮೇಲೆ ಒತ್ತಿಡುವುದರಿಂದ ಒಸಡು ಸುಡುತ್ತದೆ. ಎರಡು, ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ದೃಷ್ಟಿಯ ನರವೇ ಬೇರೆ, ಹಲ್ಲಿನ ನರವೇ ಬೇರೆ. ಮೂರು, ಕೆನ್ನೆಯ ಊತ ಕಣ್ಣಿನತ್ತ ಅಥವಾ ಗಲ್ಲದ ಕೆಳಗೆ ಕುತ್ತಿಗೆಯತ್ತ ಹರಡಿದರೆ, ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಅದು ಪ್ರಾಣಾಪಾಯದ ಸ್ಥಿತಿ.

ಗ್ರಾಮ ಪಂಚಾಯಿತಿ ಏನು ಮಾಡಬಹುದು?

ಹಲ್ಲು ತುಂಬುವುದು ವೈದ್ಯರ ಕೆಲಸ. ಹಲ್ಲು ತುಂಬಿಸುವ ಸ್ಥಿತಿ ಬಾರದಂತೆ ನೋಡಿಕೊಳ್ಳುವುದರಲ್ಲಿ ನಮ್ಮ ಪಾತ್ರ ದೊಡ್ಡದು. ಈ ಕೆಳಗಿನ ಕಾರ್ಯಗಳನ್ನು ತಮ್ಮ ಪರಿಶೀಲನೆಗೆ ಮಂಡಿಸುತ್ತೇನೆ.

1. ಅಂಗನವಾಡಿ ಮತ್ತು ಶಾಲೆಗಳಲ್ಲಿ ನಾವು ನಿರ್ಮಿಸಿರುವ ಕೈ ತೊಳೆಯುವ ಘಟಕಗಳಲ್ಲಿ ನಿತ್ಯವೂ ನೀರು ಬರುವಂತೆ ನೋಡಿಕೊಳ್ಳುವುದು. ಫಿಲಿಪೈನ್ಸ್ ದೇಶದ ಶಾಲೆಗಳಲ್ಲಿ ಮಕ್ಕಳು ಇಂತಹ ಸಾಲು ನಲ್ಲಿಗಳ ಮುಂದೆಯೇ ನಿಂತು ಪ್ರತಿದಿನ ಒಟ್ಟಾಗಿ ಕೈ ತೊಳೆದು ಹಲ್ಲುಜ್ಜುವ ಕಾರ್ಯಕ್ರಮ ನಡೆಯುತ್ತಿದೆ. ನಮ್ಮಲ್ಲಿಯೂ ಬಿಸಿಯೂಟದ ನಂತರ ಇದು ಸಾಧ್ಯ. ಕಟ್ಟಡ ನಮ್ಮದು, ನೀರೂ ನಮ್ಮದು. ಬೇಕಾಗಿರುವುದು ಬ್ರಷ್, ಪೇಸ್ಟು ಮತ್ತು ಐದು ನಿಮಿಷ.

2. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೂ ಒಂದು ಬಾರಿ ಶಾಲೆಗೂ ಭೇಟಿ ನೀಡಬೇಕು. ಅದರ ತಪಾಸಣೆಯಲ್ಲಿ ಹಲ್ಲಿನ ತೊಂದರೆಗಳೂ ಸೇರಿವೆ. ಭೇಟಿಯ ದಿನ ಸದಸ್ಯರೊಬ್ಬರು ಹಾಜರಿದ್ದು, ಎಷ್ಟು ಮಕ್ಕಳನ್ನು ತಾಲ್ಲೂಕು ಆಸ್ಪತ್ರೆಗೆ ಶಿಫಾರಸು ಮಾಡಲಾಯಿತು, ಅವರಲ್ಲಿ ಎಷ್ಟು ಮಂದಿ ವಾಸ್ತವವಾಗಿ ಚಿಕಿತ್ಸೆ ಪಡೆದರು ಎಂಬುದನ್ನು ಮುಂದಿನ ಸಭೆಯಲ್ಲಿ ಕೇಳುವುದು. ಶಿಫಾರಸು ಚೀಟಿ ಚೀಲದಲ್ಲೇ ಉಳಿದರೆ ತಪಾಸಣೆ ವ್ಯರ್ಥ.

3. ದಂತ ವೈದ್ಯಕೀಯ ಕಾಲೇಜುಗಳು ಹೆಚ್ಚಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಶಿಬಿರ ನಡೆಸುವಂತೆ ಅವುಗಳಿಗೆ ಪತ್ರ ಬರೆಯುವಾಗ, ತಪಾಸಣೆಯ ಜೊತೆಗೆ ಸ್ಥಳದಲ್ಲೇ ಹಲ್ಲು ತುಂಬುವ ಹಾಗೂ ಆರು ತಿಂಗಳ ನಂತರ ಮರಳಿ ಬರುವ ವ್ಯವಸ್ಥೆಯನ್ನೂ ಕೋರುವುದು. ಫಲಕ, ಹಾರ, ಭಾವಚಿತ್ರಗಳಲ್ಲಿ ಮುಗಿಯುವ ಶಿಬಿರದಿಂದ ಹಲ್ಲು ಉಳಿಯದು.

4. ಜಲ ಜೀವನ್ ಮಿಷನ್ ಅಡಿ ಒದಗಿಸಿರುವ ನೀರಿನ ಪರೀಕ್ಷಾ ಕಿಟ್‌ನಿಂದ ಪ್ರತಿ ಮೂಲದ ಫ್ಲೋರೈಡ್ ಪ್ರಮಾಣವನ್ನು ನೋಡಿ, ಫಲಿತಾಂಶವನ್ನು ಪಂಚಾಯಿತಿ ಸೂಚನಾ ಫಲಕದಲ್ಲಿ ಪ್ರಕಟಿಸುವುದು. ಮಿತಿ ಮೀರಿದಲ್ಲಿ ಪ್ರಯೋಗಾಲಯಕ್ಕೆ ಕಳುಹಿಸುವುದು. ಯಾವ ಕೊಳವೆಬಾವಿಯ ನೀರು ಕುಡಿಯಲು ಯೋಗ್ಯವಲ್ಲ ಎಂಬುದು ನೀರುಗಂಟಿಗೆ ಸ್ಪಷ್ಟವಾಗಿ ತಿಳಿದಿರಬೇಕು.

5. ಶಾಲೆಯ ಸುತ್ತ 100 ಗಜದೊಳಗೆ ತಂಬಾಕು ಮಾರಾಟ ಮಾಡಬಾರದೆಂಬ 2003ರ ಕಾಯ್ದೆಯನ್ನು ಜಾರಿಗೊಳಿಸುವುದು. ಅದೇ ಅಂಗಡಿಯವರೊಡನೆ ಮಾತನಾಡಿ, ಮಿಠಾಯಿಯ ಡಬ್ಬಿಯ ಪಕ್ಕದಲ್ಲಿ ಕಡಲೆಕಾಯಿ, ಹುರಿಗಡಲೆಯ ಪೊಟ್ಟಣಗಳಿಗೂ ಜಾಗ ಕೊಡುವಂತೆ ಒಲಿಸುವುದು. ಅವರ ಜೀವನೋಪಾಯಕ್ಕೆ ಧಕ್ಕೆಯಾಗದಂತೆ ಇದು ನಡೆಯಬೇಕು.

6. ಮಕ್ಕಳ ಗ್ರಾಮಸಭೆಯಲ್ಲಿ "ನಿಮ್ಮಲ್ಲಿ ಯಾರಿಗೆ ಹಲ್ಲುನೋವಿದೆ?" ಎಂದು ಒಮ್ಮೆ ಕೇಳುವುದು. ಮಕ್ಕಳು ಶಾಲೆಯ ಕಾಂಪೌಂಡು, ಆಟದ ಮೈದಾನಗಳ ಬಗ್ಗೆ ಮಾತನಾಡುತ್ತಾರೆ. ಕೇಳದಿದ್ದರೆ ಹಲ್ಲಿನ ಬಗ್ಗೆ ಮಾತನಾಡುವುದಿಲ್ಲ. ನೋವನ್ನು ಸಹಿಸಿಕೊಂಡು ಒಂದೇ ಪಕ್ಕದಲ್ಲಿ ಅಗಿಯುವುದನ್ನು ಅವರು ರೂಢಿ ಮಾಡಿಕೊಂಡಿರುತ್ತಾರೆ.

ಮಾನ್ಯರೇ, ಇವುಗಳಲ್ಲಿ ಹೊಸ ಕಟ್ಟಡವನ್ನಾಗಲಿ ದೊಡ್ಡ ಅಂದಾಜು ಪಟ್ಟಿಯನ್ನಾಗಲಿ ಬೇಡುವ ಕಾರ್ಯ ಒಂದೂ ಇಲ್ಲ. ಕಾಮಗಾರಿ ಮುಗಿದ ಮೇಲೆ ನಿರ್ವಹಣೆಯನ್ನು ಮರೆಯುವುದು ನಮ್ಮ ವ್ಯವಸ್ಥೆಯ ಹಳೆಯ ದೌರ್ಬಲ್ಯ. ಹಲ್ಲು ಕೂಡ ಒಮ್ಮೆ ಮಾತ್ರ ಮಂಜೂರಾಗುವ ಕಾಮಗಾರಿ. ಆರನೆಯ ವಯಸ್ಸಿನಲ್ಲಿ ಬಂದ ದವಡೆಹಲ್ಲಿಗೆ ಮರುಮಂಜೂರಾತಿ ಇಲ್ಲ. ಅದಕ್ಕೆ ಉಳಿದಿರುವುದು ನಿರ್ವಹಣೆಯೊಂದೇ.

ನನ್ನ ಮಗಳ ಉಳಿದ ಮೂರು ದವಡೆಹಲ್ಲುಗಳ ಗೆರೆಗಳನ್ನು ಅಂದೇ ಮುಚ್ಚಿಸಿದೆವು. ಅವು ಇಂದಿಗೂ ಗಟ್ಟಿಯಾಗಿವೆ. ನಾಲ್ಕನೆಯದರ ಜಾಗ ಖಾಲಿಯಿದೆ. ಅವಳು ನಕ್ಕಾಗ ಅದು ನನಗೆ ಕಾಣುತ್ತದೆ. ತಾವು ಇಂದು ಮನೆಗೆ ಮರಳಿದ ಕೂಡಲೇ ಮಕ್ಕಳನ್ನೋ ಮೊಮ್ಮಕ್ಕಳನ್ನೋ ಬೆಳಕಿನಲ್ಲಿ ನಿಲ್ಲಿಸಿ, ಬಾಯಿ ತೆರೆಸಿ, ಕೊನೆಯ ಹಲ್ಲನ್ನು ಒಮ್ಮೆ ನೋಡಬೇಕು. ನಾಳೆ ತಮ್ಮ ವಾರ್ಡಿನ ಅಂಗನವಾಡಿಗೆ ಹೋಗಿ, ನಲ್ಲಿಯಲ್ಲಿ ನೀರು ಬರುತ್ತಿದೆಯೇ ಎಂದು ತಿರುಗಿಸಿ ಪರೀಕ್ಷಿಸಬೇಕು. ಇವೆರಡನ್ನು ಮಾಡಿದರೆ ಈ ಉಪನ್ಯಾಸ ಸಾರ್ಥಕವಾಯಿತೆಂದು ಭಾವಿಸುತ್ತೇನೆ.